ಅಪ್ಪಗ ಶುಗರ್ ಬಿಪಿ ಎರಡೂ ಅದ, ಈ ಬಿಸಲಾಗ ಅಂಬಲಿ ಕೊಡಬೇಕೋ ಎಳನೀರೋ?

ಚಿತ್ತಾಪುರದಾಂವ:
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮಪ್ಪಗ 61 ವಯಸ್ಸು, ಶುಗರ್ ಬಿಪಿ ಎರಡಕ್ಕೂ ಗುಳಿಗಿ ನಡದದ, ಆದ್ರೂ ಹೊಲಕ್ಕ ಹೋಗೋದು ಬಿಡಂಗಿಲ್ಲ, ಮುಂಜಾನಿ ಆರಕ್ಕ ಹೋದ್ರ ಹನ್ನೆರಡಕ್ಕ ಬರ್ತಾನ, ಇಲ್ಲಿ ನೋಡಿದ್ರ 42-43 ಡಿಗ್ರಿ ಬಿಸಲು. ಹೋದ ವಾರ ಬದುವಿನ ಮ್ಯಾಲೇ ಕಣ್ಣಿಗಿ ಕತ್ತಲಿ ಬಂದು ಕುಂತುಬಿಟ್ಟಾನ, ಬಾಜು ಹೊಲದವ್ರು ಗಾಡಿ ಮ್ಯಾಲ ಮನಿಗೆ ತಂದು ಬಿಟ್ರು. ಅವತ್ತಿಂದ ಮನ್ಯಾಗ ಒಬ್ಬೊಬ್ಬರದು ಒಂದೊಂದು ಮಾತು. ಅವ್ವ ಅಂಬಲಿ ಅಂತಾಳ, ಅಣ್ಣ ಕಲಬುರಗಿಯಿಂದ ದಿನಾ ಎರಡು ಎಳನೀರು ತರ್ಲಿಕತ್ತಾನ, ಕಾಕಾ ಒಬ್ಬಾಂವ ಹಾಗಲಕಾಯಿ ರಸ ಕುಡಿಸ್ರಿ ಶುಗರ್ ಕಟ್ ಆಗ್ತದ ಅಂತ ಬೆನ್ನ ಹತ್ಯಾನ. ಯಾವ್ದು ಬರೋಬ್ಬರಿ ಹೇಳ್ರಿ.

ಆಳಂದದ ಅಕ್ಕ:
ನಿಮ್ಮವ್ವ ಹೇಳಿದ್ದೇ ಖರೆ ತಮ್ಮಾ. ಒಂದು ಮುಟಗಿ ಜ್ವಾಳದ ಹಿಟ್ಟು ರಾತ್ರಿ ನೀರಾಗ ಕಲಸಿ ಇಡು, ಮುಂಜಾನಿಗಿ ಜರಾ ಹುಳಿ ಬಂದಿರ್ತದ, ಕುದಿಯೋ ನೀರಿಗಿ ಅದನ್ನ ಸುರಕೋತ ತಿರುವಬೇಕು, ಕೈ ಬಿಟ್ಟಿ ಅಂದ್ರ ಗಂಟಾಗ್ತದ. ಪೂರ್ತಿ ಆರಿದ ಮ್ಯಾಲ ಮಜ್ಜಿಗಿ ಹಾಕಿ ಉಳ್ಳಾಗಡ್ಡಿ, ಜೀರಿಗಿ ಪುಡಿ. ಬಿಸಿ ಇದ್ದಾಗ ಮಜ್ಜಿಗಿ ಹಾಕಬ್ಯಾಡ, ಒಡೀತದ. ನಮ್ಮನಿ ಗಂಡಸ್ರು ಇದರ ಮ್ಯಾಲೇ ಬ್ಯಾಸಿಗಿ ಕಳೀತಾರ.

ಬೀದರ್ ನರ್ಸ್:
ಅಂಬಲಿ ಆಮ್ಯಾಲ ನೋಡೋಣ್ರಿ, ಮೊದಲು ಒಂದು ಹೇಳ್ರಿ, ಅವತ್ತು ಅವರು ಗುಳಿಗಿ ತೊಗೊಂಡು ಏನರೆ ತಿಂದು ಹೋಗಿದ್ರೇನು? ಗ್ಲಿಮಿಪ್ರೈಡ್ ಇರೋ ಶುಗರ್ ಗುಳಿಗಿ ತೊಗೊಂಡು ಖಾಲಿ ಹೊಟ್ಟಿಲೆ ದುಡದ್ರ ಶುಗರ್ ಒಮ್ಮೆಲೆ ಇಳೀತದ, ಬೆವರು, ಕೈ ನಡುಕ, ಕಣ್ಣಿಗಿ ಕತ್ತಲಿ, ನೋಡಿದವರು ಬಿಸಲು ಬಡದದ ಅಂತಾರ. ಹಂತಾ ಹೊತ್ತಿನ್ಯಾಗ ಮಜ್ಜಿಗಿ ಅಲ್ಲ, ಎಚ್ಚರ ಇದ್ರ ಸಕ್ರಿ ನೀರು ಕೊಡಬೇಕು, ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕದೆ ದವಾಖಾನಿಗಿ ಒಯ್ಯಬೇಕು. ಹಾಗಲಕಾಯಿ ರಸಾನೂ ಶುಗರ್ ಇಳಸ್ತದ, ಗುಳಿಗಿ ಮ್ಯಾಲ ಅದನ್ನೂ ಹಾಕಿದ್ರ ಎರಡೂ ಕೂಡಿ ಕೆಡವತಾವ. ಕಾಕಾಗ ಕೈ ಮುಗದು ಹೇಳ್ರಿ, ಪಲ್ಯಾ ಮಾಡ್ಕೊಂಡು ತಿನ್ನೋದಕ್ಕ ಅಡ್ಡಿ ಇಲ್ಲ.

ಎಳನೀರಿನ್ಯಾಗ ಪೊಟ್ಯಾಸಿಯಂ ಭಾಳ, ಸೋಡಿಯಂ ಅಂದ್ರ ಉಪ್ಪಿನಂಶ ಕಮ್ಮಿ, ಬೆವರಿನಾಗ ಹೋಗೋದು ಮುಖ್ಯ ಸೋಡಿಯಮ್ಮೇ. ಅಪ್ಪಾರ್ದು ಬಿಪಿ ಗುಳಿಗಿ ಟೆಲ್ಮಿಸಾರ್ಟನ್ ಹಂತಾದ್ದಿದ್ರ ಅದೂ ಪೊಟ್ಯಾಸಿಯಂ ಮೈಯಾಗೇ ಹಿಡದಿಡ್ತದ, ಕಿಡ್ನಿ ಸೊರಗಿದ್ರ ಹೃದಯಕ್ಕ ತ್ರಾಸು. ಕ್ರಿಯಾಟಿನಿನ್ ರಿಪೋರ್ಟ್, ಅಂದ್ರ ಕಿಡ್ನಿ ಹೆಂಗದ ಅಂತ ತೋರ್ಸೋ ರಕ್ತದ ಟೆಸ್ಟ್, ನೋಡದೆ ದಿನಾ ಎರಡು ಬ್ಯಾಡ. ತಿಳಿ ಮಜ್ಜಿಗಿ ಛಲೋ, ಖರೆ ಬಿಪಿ ಅದ ಅಂದ್ರ ಉಪ್ಪು ಹಿಡಿ ಹಿಡಿ ಸುರೀಬ್ಯಾಡ್ರಿ, ದಿನಕ್ಕ ಎಲ್ಲಾ ಕೂಡಿ 5 ಗ್ರಾಂ ಅಂದ್ರ ಒಂದು ಸಣ್ಣ ಚಮಚ, ಉಪ್ಪಿನಕಾಯಿ ಹಪ್ಪಳದ್ದೂ ಅದರಾಗೇ ಬರ್ತದ.

ಜೇವರ್ಗಿ ರೈತ:
ನಮ್ಮ ಮುತ್ಯಾ ದಿನಾ ಐದು ರೊಟ್ಟಿ, ಶೇಂಗಾ ಹಿಂಡಿ, ಒಂದು ಚರಗಿ ಮಜ್ಜಿಗಿ, ಸಾಯೋತನಾ ಒಂದು ಗುಳಿಗಿ ನುಂಗಲಿಲ್ಲ. ಈಗಿನವ್ರು ಓದಿ ಓದಿ ಅಂಜತಾರ.

ಬೀದರ್ ನರ್ಸ್:
ಅಣ್ಣಾರ, ನಿಮ್ಮ ಮುತ್ಯಾಗ ಶುಗರ್ ಇರಲಿಲ್ಲ. ಇವರಿಗದ.

ಶಹಾಪುರ ಮಾಸ್ತರ್:
ಅಂಬಲಿ ಬಗ್ಗೆ ನಂದೂ ಒಂದು. ನಂಗೂ ಶುಗರ್ ಅದ, ಜ್ವಾಳ ಅಂದ್ರ ಶುಗರ್‌ನವ್ರಿಗಿ ಲೆಕ್ಕಾನೇ ಇಲ್ಲ ಅನ್ಕೊಂಡು ದೊಡ್ಡ ಗ್ಲಾಸ್ ಅಂಬಲಿ ಹೊಡೀತಿದ್ದೆ, ಒಂದಿನ ಎರಡು ತಾಸು ಬಿಟ್ಟು ಬೆರಳು ಚುಚ್ಚಿ ನೋಡಿದ್ರ 228. ಅದೇ ಹಿಟ್ಟಿಂದು ಎರಡು ರೊಟ್ಟಿ, ಪುಂಡಿ ಪಲ್ಯಾ, ಗಟ್ಟಿ ತೊಗರಿಬ್ಯಾಳಿ ಜೋಡಿ ತಿಂದಾಗ 170ರ ಆಸುಪಾಸು. ಬೇಯಿಸಿ ತೆಳ್ಳಗ ಮಾಡಿದ ಹಿಟ್ಟು ಜಲ್ದಿ ಸಕ್ರಿ ಆಗ್ತದ್ರಿ, ಜ್ವಾಳದಾಗೂ ನೂರು ಗ್ರಾಂಗ 70ರ ಸುತ್ತ ಪಿಷ್ಟಾನೇ ಇರೋದು. ಈಗ ಅರ್ಧ ಗ್ಲಾಸ್ ಅಂಬಲಿಗಿ ಒಂದೂವರಿ ಗ್ಲಾಸ್ ಮಜ್ಜಿಗಿ ಹಾಕ್ಕೊಂಡು ಕುಡೀತೀನಿ, ಮ್ಯಾಲ ಒಂದು ಚಮಚ ಅಗಸಿ ಪುಡಿ. ನಿಮ್ಮಪ್ಪಾರ್ದು ಮೈ ಬ್ಯಾರೆ, ಮೀಟರ್ ಇಟ್ಟು ಅವರದೇ ನೋಡ್ರಿ.

ಚಿತ್ತಾಪುರದಾಂವ:
ನರ್ಸ್ ಅಕ್ಕಾರ, ನೀವು ಕೇಳಿದ್ದೇ ಆಗ್ಯಾದ. ಗುಳಿಗಿ ಚೀಟಿ ನೋಡಿದ್ರ ಗ್ಲಿಮಿಪ್ರೈಡ್ ಅದ, ಅಪ್ಪ ಚಾ ಜೋಡಿ ಗುಳಿಗಿ ನುಂಗಿ ಹಂಗೇ ಹೋಗ್ತಿದ್ದ, ಊಟ ಬಂದಮ್ಯಾಲೇ. ಅವ್ವಗೂ ಗೊತ್ತಿರಲಿಲ್ಲ. ನಿನ್ನಿ ಡಾಕ್ಟರ್ ಹತ್ರ ಹೋಗಿ ಬಂದ್ವಿ, ಗುಳಿಗಿ ಹೊತ್ತು ಬದಲಿ ಮಾಡಿ ಕೊಟ್ಟಾರ, ಕಿಡ್ನಿ ಟೆಸ್ಟಿಗಿ ರಕ್ತ ಕೊಟ್ಟೀವಿ. ಈಗ ಒಂದು ರೊಟ್ಟಿ ತಿಂದೇ ಹೊಲಕ್ಕ, ಹತ್ತಕ್ಕ ವಾಪಸ್, ಚರಗಿ ತುಂಬ ಮಜ್ಜಿಗಿ ಕಟ್ಟಿ ಕೊಡ್ತೀವಿ. ಉಪ್ಪು ಕಮ್ಮಿ ಹಾಕಿದ್ದಕ್ಕ "ಇದು ಮಜ್ಜಿಗಿನೋ ಗಡಗಿ ತೊಳದ ನೀರೋ" ಅಂತ ಬೈದ, ಕೊತಂಬ್ರಿ ಹಸಿಶುಂಠಿ ಕುಟ್ಟಿ ಹಾಕಿದ ಮ್ಯಾಲ ಸುಮ್ನ ಕುಡದ. ಅಣ್ಣ ತಂದ ಎಳನೀರು ನಾನೇ ಕುಡೀಲಿಕತ್ತೀನಿ.