ಎದುರುತ್ತರ ಕೊಡದೆ ಮಾತಾಡೋದನ್ನ ಹೇಳ್ಕೊಡೋಕೆ ಸ್ಪೀಕರ್ ಬೇಕು, ಒಳ್ಳೆಯವ್ರು ಅಂತ ಮೊದ್ಲೇ ಹೆಂಗೆ ಗೊತ್ತಾಗುತ್ತೆ?

ಪಾಸ್‌ಬುಕ್_ಪುಟ (ಮಂಡ್ಯ)

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಪತ್ತಿನ ಸಹಕಾರ ಸಂಘದಲ್ಲಿರೋದು, ಹೆಸರು ಬೇಡ ಬಿಡಿ. 6 ಶಾಖೆ, ಎಲ್ಲಾ ಸೇರಿ 80 ಜನ ಸಿಬ್ಬಂದಿ. ವರ್ಷಕ್ಕೊಂದ್ಸಲ ಒಂದು ಛತ್ರ ಹಿಡ್ದು ಸಿಬ್ಬಂದಿಗೆ ಕಾರ್ಯಾಗಾರ ಅಂತ ಮಾಡ್ತೀವಿ, ಎರಡು ವರ್ಷದಿಂದ ಅದರ ಓಡಾಟ ಎಲ್ಲಾ ನನ್ನದೇ.

ನಮ್ಮ ಕಷ್ಟ ಏನಪ್ಪ ಅಂದ್ರೆ ಕೌಂಟರ್ ಮಾತು. ಸದಸ್ಯರು ಬಂದು "ಬಡ್ಡಿ ಯಾಕೆ ಇಷ್ಟು ಹಾಕಿದೀರ" ಅಂತ ಬಾಯಿ ಬಿಟ್ಟಿರಲ್ಲ, ನಮ್ಮೋರು "ಅದು ನಮ್ದಲ್ಲ ಸಾಲ ವಿಭಾಗದ್ದು", "ನೀವೇ ಲೇಟಾಗಿ ಕಟ್ಟಿರೋದು" ಅಂತ ಶುರು ಹಚ್ಕೊಂಡ್ಬಿಡ್ತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ ಹಂಗೆ. ತಿಂಗಳ ಮೀಟಿಂಗಲ್ಲೂ ಅಷ್ಟೇ, ಒಂದು ವೋಚರ್ ಕಾಣ್ತಿಲ್ಲ ಅಂದ್ರೆ ಸಾಕು ಎಲ್ರೂ ಒಟ್ಟಿಗೆ ವಕೀಲರಾಗ್ತಾರೆ.

ಅದಕ್ಕೇ ಹೋದ ವರ್ಷ ಈ ಡಿಫೆನ್ಸಿವ್ ಆಗದೆ ಮಾತಾಡೋ ವಿಷಯಕ್ಕೇ ಅಂತ ಬೆಂಗಳೂರಿಂದ ಒಬ್ಬರನ್ನ ಕರೆಸಿದ್ವಿ. ಹೆಡ್‌ಸೆಟ್ ಮೈಕು, ಬಣ್ಣಬಣ್ಣದ ಸ್ಲೈಡು, ಒಂದೂವರೆ ಗಂಟೆ ನಗ್ಸಿದ್ರು, ಸುಳ್ಳು ಹೇಳಲ್ಲ. ಕೊನೇಲಿ ನಮ್ಮ ಕ್ಯಾಷಿಯರ್ ಹುಡುಗಿ ಎದ್ದು "ಸಾರ್, ಎದುರಿಗಿರೋರು ಕೆಟ್ಟಕೆಟ್ಟದಾಗಿ ಬೈದ್ರೂ ಹಿಂಗೇ ನಗ್ತಾ ಇರ್ಬೇಕಾ" ಅಂತ ಕೇಳ್ತು. ಅವ್ರು "ಮೇಡಂ ನಾನು ಹೇಳಿದ್ದನ್ನ ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ, ನೆಗೆಟಿವ್ ಥಿಂಕಿಂಗ್ ಬೇಡ, ನಾನು 15 ವರ್ಷದಿಂದ ಇದನ್ನೇ ಹೇಳ್ಕೊಡ್ತಿರೋದು" ಅಂದ್ಬಿಟ್ರು. ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ರೆ ಇನ್ನೇನಿಲ್ಲ. ಹುಡುಗಿ ಕೂತ್ಕೊಂಡ್ತು.

ಬೇರೆ ಎಡವಟ್ಟೂ ಇತ್ತು, ಸ್ವಾಗತ ಭಾಷಣ ಉದ್ದ ಆಗೋಯ್ತು, ಪ್ರಶ್ನೋತ್ತರಕ್ಕೆ ಟೈಮ್ ಉಳೀಲೇ ಇಲ್ಲ, ಮುಂದೆ ನಿರ್ದೇಶಕರಿಗೆ ಅಂತ ಸೋಫಾ ಬಂದ್ಬಿಟ್ಟಿತ್ತು, ಹಿಂದೆ ಕೂತೋರಿಗೆ ಸ್ಕ್ರೀನೇ ಕಾಣ್ಲಿಲ್ಲ. ಈ ವರ್ಷ ಇಬ್ಬರ ಹೆಸರು ಬಂದಿದೆ, ಇಬ್ಬರದ್ದೂ ವಿಡಿಯೊ ನೋಡ್ದೆ, ಎರಡೂ ಚೆನ್ನಾಗೇ ಇದೆ. ವಿಡಿಯೊ ನಂಬ್ಕೊಂಡು ಇನ್ನೊಂದ್ಸಲ ಮೋಸ ಹೋಗೋಕೆ ಇಷ್ಟ ಇಲ್ಲ. ನೀವಾದ್ರೆ ಏನು ನೋಡ್ತೀರ?

ಹಳೇ_ಬ್ಲ್ಯಾಕ್‌ಬೋರ್ಡು (ಮೈಸೂರು, ಕುವೆಂಪುನಗರ)

ನಾನು 26 ವರ್ಷ ತರಬೇತಿ ಕೆಲಸದಲ್ಲೇ ಇದ್ದು ರಿಟೈರ್ ಆದವನು, ಭಾಷಣ ಮಾಡಿದ್ದಕ್ಕಿಂತ ಬೇರೆಯವರ ಭಾಷಣಕ್ಕೆ ಕುರ್ಚಿ ಹಾಕ್ಸಿದ್ದೇ ಜಾಸ್ತಿ. ನಿಮ್ಮ ಕ್ಯಾಷಿಯರ್ ಮಗು ಕೇಳಿತಲ್ಲ, ಇಡೀ ಕಾರ್ಯಕ್ರಮದಲ್ಲಿ ಪರೀಕ್ಷೆ ಅಂತ ನಡೆದಿದ್ದು ಆ ಒಂದು ನಿಮಿಷ ಮಾತ್ರ. ಸಂಗೀತದ ಬಗ್ಗೆ ಭಾಷಣ ಮಾಡೋರಿಗೆ ಹಾಡೋಕೆ ಬರದೇ ಇದ್ರೂ ನಡೆಯುತ್ತೆ. ಈ ವಿಷಯದಲ್ಲಿ ಆ ರಿಯಾಯ್ತಿ ಇಲ್ಲ. ಯಾಕಂದ್ರೆ ಜನ ಸ್ಲೈಡ್ ಮರೀತಾರೆ, ಎದುರು ಮಾತಾಡಿದವರಿಗೆ ಅವ್ರು ಏನಂದ್ರು ಅನ್ನೋದನ್ನ ಮರೆಯಲ್ಲ.

ಜ್ಯಾಕ್ ಗಿಬ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 8 ವರ್ಷ ಬೇರೆಬೇರೆ ಕಡೆಯ ಚರ್ಚೆಗಳ ರೆಕಾರ್ಡಿಂಗ್ ಇಟ್ಕೊಂಡು ಕೆಲಸ ಮಾಡಿ, 1961ರಲ್ಲಿ ಒಂದು ಲೇಖನ ಬರೆದ್ರು. ಮನುಷ್ಯ ಯಾವಾಗ ಗುರಾಣಿ ಎತ್ಕೊಳ್ತಾನೆ ಅನ್ನೋದಕ್ಕೆ ಆರು ಕಾರಣ ಕೊಟ್ಟಿದಾರೆ. ನೀನು ಹಿಂಗೆ ಅಂತ ತೀರ್ಪು ಕೊಡೋದು, ಹಿಡಿತಕ್ಕೆ ತಗೊಳ್ಳೋಕೆ ನೋಡೋದು, ಒಳಗೊಂದು ಲೆಕ್ಕಾಚಾರ ಇಟ್ಕೊಂಡು ಮಾತಾಡೋದು, ನಂಗೇನು ಅನ್ನೋ ತಣ್ಣನೆ ಮುಖ, ನಾನು ಮೇಲು ಅನ್ನೋ ಧಾಟಿ, ಆಮೇಲೆ ನಾನು ಹೇಳಿದ್ದೇ ಖಡಾಖಂಡಿತ ಅನ್ನೋದು. ಪ್ರತಿಯೊಂದಕ್ಕೂ ಎದುರಾಗಿ ಒಂದೊಂದು ಮದ್ದೂ ಹೇಳಿದಾರೆ, ಮೇಲು ಅನ್ನೋದರ ಎದುರಿಗೆ ಸಮಾನ, ಖಡಾಖಂಡಿತದ ಎದುರಿಗೆ "ನಂಗೆ ಹಿಂಗನ್ಸುತ್ತೆ, ನೋಡೋಣ" ಅನ್ನೋ ಸಡಿಲ.

ಈಗ ನಮ್ಮ ವೇದಿಕೆ ಕಾರ್ಯಕ್ರಮನ ಒಂದ್ಸಲ ನೆನಪು ಮಾಡ್ಕೊಳ್ಳಿ. ಪ್ರಾರ್ಥನೆ ಆಯ್ತು, ದೀಪ ಆಯ್ತು, ಆಮೇಲೆ ಅತಿಥಿಯ ಪರಿಚಯ ಅಂತ ಹತ್ತು ನಿಮಿಷ ಪದವಿ ಪ್ರಶಸ್ತಿ ಎಲ್ಲಾ ಓದ್ತೀವಿ, ಮೈಸೂರು ಪೇಟ ಇಡ್ತೀವಿ, ಶಾಲು ಹೊದಿಸ್ತೀವಿ, ಹಣ್ಣಿನ ಬುಟ್ಟಿ ಕೊಡ್ತೀವಿ. ಪಾಪ ಆ ಮನುಷ್ಯ ಬಾಯಿ ಬಿಡೋಕೆ ಮುಂಚೆನೇ ಗಿಬ್ ಹೇಳಿದ ಆರರಲ್ಲಿ ಒಂದನ್ನ ನಾವೇ ತಲೆ ಮೇಲೆ ಕಟ್ಟಿ ಕೂರ್ಸಿರ್ತೀವಿ. ಪೇಟ ಕೆಟ್ಟದ್ದು ಅಂತಲ್ಲ, ಕೊನೇಲಿ ಇಡಿ. ಪರಿಚಯ ಎರಡೇ ಸಾಲು.

ಆರಿಸೋದು ಹೆಂಗೆ ಅಂದ್ರೆ ಫೋನ್ ಮಾಡಿ. ಫೀಸ್ ಆಮೇಲೆ ಮಾತಾಡಿ, ಮೊದ್ಲು ವಿನಯವಾಗೇ "ಸಾರ್ ನಿಮ್ಮ ವಿಡಿಯೊ ನೋಡ್ದೆ, ನಮ್ಮ ಕೌಂಟರ್‌ನೋರಿಗೆ ಅದು ಅಷ್ಟು ಉಪಯೋಗ ಆಗಲ್ಲ ಅನ್ನಿಸ್ತು" ಅಂತ ಹೇಳಿ. ಹೇಳಿ ಸುಮ್ನಾಗ್ಬಿಡಿ. "ಯಾವ ಭಾಗ ಹಂಗನ್ನಿಸ್ತು" ಅಂತ ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ರೆ ಮುಂದಕ್ಕೆ ಹೋಗಿ. ದೊಡ್ಡ ದೊಡ್ಡ ಕಂಪನಿ ಹೆಸರು ಹೇಳೋಕೆ ಶುರು ಮಾಡಿದ್ರೆ ನಮಸ್ಕಾರ ಹೇಳಿ ಇಟ್ಬಿಡಿ. ನಾನು ಹಿಂಗೆ ಒಬ್ಬರಿಗೆ ಹೇಳಿ ಬೈಸ್ಕೊಂಡಿದೀನಿ, ಆ ಬೈಗುಳದಿಂದ ಸಂಸ್ಥೆಗೆ ಒಂದು ದಿನದ ಖರ್ಚು ಉಳೀತು.

ಒಸಿ_ತಡೀರಿ (ಮದ್ದೂರು)

ಅಣ್ಣೋ ನೀವು ಸ್ಪೀಕರ್ ಉಡುಕ್ತಾ ಕೂತಿದೀರ, ರೋಗ ಇರೋದು ಬ್ಯಾರೆ ಕಡೆ ಕಣಣ್ಣ. ನಾನು ಕೆಲ್ಸ ಮಾಡೋ ಕಾರ್ಖಾನೇಲೂ ಹಿಂಗೇ ಒಬ್ರು ಬಂದಿದ್ರು, ಮೇಡಮ್ಮು, ನಿಜವಾಗ್ಲೂ ಚೆನ್ನಾಗಿ ಮಾತಾಡುದ್ರು, ತಪ್ಪಾದ್ರೆ ತಪ್ಪು ಅನ್ನಿ, ಅರ್ಧ ಜಗಳ ಅಲ್ಲೇ ತಣ್ಣಗಾಯ್ತದೆ ಅಂತ. ನಮ್ಮ ಫಿಟ್ಟರ್ ಒಬ್ಬ ಒಳ್ಳೇ ಮನ್ಸ, ಅದನ್ನ ಎದೆಗೆ ಆಕ್ಕಂಡ್ಬುಟ್ಟ. ಮಾರನೇ ವಾರ ಸ್ಟೀಮ್ ಲೀಕಾದಾಗ "ಸಾರ್ ನಾನೇ ವಾಲ್ವ್ ಸರಿಯಾಗಿ ಮುಚ್ಚಿರ್ನಿಲ್ಲ" ಅಂದ. ಸಾಯಂಕಾಲಕ್ಕೆ ಕೈಗೆ ಮೆಮೊ. ಅವತ್ತಿಂದ ಆ ಶಿಫ್ಟಲ್ಲಿ ಯಾವನೂ ಬಾಯಿ ಬುಟ್ಟಿಲ್ಲ, ಲೀಕು ಇವಾಗ್ಲೂ ಆಯ್ತದೆ, ಯಾರೂ ಕಂಡಿಲ್ಲ.

ನಿಜ ಏಳ್ದೋನಿಗೆ ಮೆಮೊ ಬೀಳೋ ಜಾಗದಲ್ಲಿ "ನಂದಲ್ಲ" ಅನ್ನೋದು ರೋಗ ಅಲ್ಲ, ಬುದ್ವಂತ್ಕೆ. ಆ ಮೇಡಮ್ಮು ನಮಗೆ ಪಾಠ ಮಾಡೋಕೆ ಮುಂಚೆ ಮ್ಯಾನೇಜರ್‌ನ ಕೂರ್ಸ್ಕಂಡು "ನಾಳೆ ಯಾರಾದ್ರೂ ಒಪ್ಕಂಡ್ರೆ ನೀವೇನು ಮಾಡ್ತೀರ" ಅಂತ ಒಂದು ಮಾತು ಕೇಳಿದ್ರೆ ಆ ಫಿಟ್ಟರ್ ಉಳ್ಕತಿದ್ದ. ಒಳ್ಳೆ ಸ್ಪೀಕರ್ ಅಂದ್ರೆ ನನ್ನ ಲೆಕ್ಕದಲ್ಲಿ ಅಷ್ಟೇ, ದೊಡ್ಡೋರ್ನ ಮೊದ್ಲು ಕೇಳೋ ಧೈರ್ಯ. ಸೋಫಾದ ಮ್ಯಾಲೆ ಕೂತಿರೋರ್ಗೆ ನಮಸ್ಕಾರ ಆಕಿ ಹಿಂದೆ ಕೂತಿರೋರ್ಗೆ ಬುದ್ಧಿ ಏಳೋದಾದ್ರೆ ಅದಕ್ಯಾಕೆ ಬೆಂಗ್ಳೂರಿಂದ ಬರ್ಬೇಕು, ನಮ್ಮಪ್ಪನೇ ಏಳ್ತನೆ ಬುಡಿ.

ಹಳೇ_ಬ್ಲ್ಯಾಕ್‌ಬೋರ್ಡು

ಒಸಿ ತಡೀರಿ ಅವ್ರೇ, ನೀವು ಹೇಳಿದ್ದು ನಾನು ಮೊದಲು ಬರೀಬೇಕಿತ್ತು, ಬಿಟ್ಟೆ. ಆ ಫಿಟ್ಟರ್ ಕಥೆ ಓದಿ ಹೊಟ್ಟೆ ಉರೀತು.

ರಾತ್ರಿ_ಪಾಳಿ (ಮೈಸೂರು)

ನಾನು ನರ್ಸ್, ಮೈಸೂರಲ್ಲೇ ಒಂದು ಆಸ್ಪತ್ರೆಲಿ. ನಮ್ಮಲ್ಲಿ ಬೈಗುಳ ಅನ್ನೋದು ಡ್ಯೂಟಿ ಜೊತೆಗೇ ಬರುತ್ತೆ, ರೋಗಿ ಕಡೆಯವ್ರದ್ದು ಒಂದು ಪಾಲು, ಡಾಕ್ಟರ್ದು ಇನ್ನೊಂದು ಪಾಲು. ನಾನು ಕಂಡಿರೋ ಒಬ್ಬರು ಸ್ಪೀಕರ್ ಬಗ್ಗೆ ಬರೀತೀನಿ, ಯಾಕಂದ್ರೆ ನಾಲ್ಕು ವರ್ಷ ಆದ್ರೂ ಅವ್ರು ಹೇಳಿದ್ದನ್ನ ಇನ್ನೂ ದಿನಾ ಬಳಸ್ತಿದೀನಿ.

ಅವ್ರು ಕಾರ್ಯಕ್ರಮಕ್ಕೆ ಹಿಂದಿನ ದಿನಾನೇ ಬಂದು ಬಿಲ್ಲಿಂಗ್ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಎರಡು ಗಂಟೆ ಸುಮ್ನೆ ಕೂತಿದ್ರು, ನಾವು ಯಾರೋ ರೋಗಿ ಕಡೆಯವ್ರು ಅಂದ್ಕೊಂಡಿದ್ವಿ. ಮಾರನೇ ದಿನ ಮೈಕ್ ಹಿಡಿದು ಮೊದಲನೇ ಮಾತೇ "ಬೆಳಗ್ಗೆಯಿಂದ ನಿಂತಿದೀನಿ, ನಿಮಗೆ ಮನುಷ್ಯತ್ವ ಇದೆಯೇನ್ರೀ" ಅಂತ ಅದೇ ರಾಗದಲ್ಲಿ ಹೇಳಿದ್ರು. ಹಿಂದಿನ ದಿನ ಯಾರೋ ಕೂಗಿದ್ದ ಮಾತೇ ಅದು. ಎಲ್ರಿಗೂ ಒಂಥರಾ ಎದೆ ಧಸಕ್ ಅಂತು. ಆಮೇಲೆ ಕೈಬೆರಳು ಮಣಿಕಟ್ಟಿನ ಮೇಲೆ ಇಟ್ಟು ನಾಡಿ ಎಣಿಸಿ ಅಂದ್ರು, ನಾವೆಲ್ಲಾ ನರ್ಸ್‌ಗಳೇ ತಾನೆ, ಎಣಿಸಿದ್ವಿ. ಅಲ್ಲಿಂದ ಗಾಟ್‌ಮನ್ ಅನ್ನೋ ಅಮೆರಿಕದ ಸಂಶೋಧಕರ ವಿಷಯಕ್ಕೆ ಬಂದ್ರು, ಅವ್ರು ಸಿಯಾಟಲ್‌ನಲ್ಲಿ ಗಂಡ ಹೆಂಡ್ತಿ ಜಗಳ ಆಡೋದನ್ನ ಕ್ಯಾಮೆರಾ ಇಟ್ಟು, ಮೈಗೆ ವೈರ್ ಹಾಕಿ ಎದೆಬಡಿತ ಅಳೆದು ನೋಡಿದವ್ರಂತೆ. ನಾಡಿ ನಿಮಿಷಕ್ಕೆ 100 ದಾಟ್ತು ಅಂದ್ರೆ ಎದುರಿನವ್ರು ಹೇಳೋದು ತಲೆಗೇ ಹೋಗಲ್ಲ, ಕಡಿಮೆ ಅಂದ್ರೂ 20 ನಿಮಿಷ ಬಿಟ್ಟು ಮಾತಾಡಿ ಅಂತ ಅವ್ರ ಸಲಹೆ. "ನಿಮಗೆ 20 ನಿಮಿಷ ಸಿಗಲ್ಲ, ನಂಗೊತ್ತು, ನಿನ್ನೆ ನೋಡ್ದೆ" ಅಂದ್ರು ಅವ್ರು. ಆ ಒಂದು ಮಾತಿಗೆ ನಾವೆಲ್ಲಾ ಅವ್ರ ಕಡೆ ಆಗ್ಬಿಟ್ವಿ. ಹೋಗ್ಲಿ, ಫೈಲ್ ತರೋ ನೆಪದಲ್ಲಿ ಎರಡು ನಿಮಿಷ ಒಳಗೆ ಹೋಗಿ ಬನ್ನಿ ಅಂದ್ರು, ಅದನ್ನ ಇವತ್ತಿಗೂ ಮಾಡ್ತೀನಿ.

ನಿಮ್ಮ ಕ್ಯಾಷಿಯರ್ ಕೇಳಿದ ಪ್ರಶ್ನೆನೇ ನಮ್ಮಲ್ಲೂ ಬಂತು, ನಾನೇ ಕೇಳಿದ್ದು, ಸ್ವಲ್ಪ ಜೋರಾಗೇ. ಅವ್ರು ತಕ್ಷಣ ಉತ್ತರ ಕೊಡ್ಲಿಲ್ಲ. "ನಾನು ಇದುವರೆಗೂ ಮಾತಾಡಿದ್ದು ಬೈಸ್ಕೊಂಡು ಸುಮ್ನಿರಿ ಅನ್ನೋ ಥರ ಕೇಳಿಸ್ತಾ?" ಅಂದ್ರು. ಹೌದು ಅಂದೆ. "ಹಾಗಾದ್ರೆ ನಾನು ಹೇಳಿದ ರೀತಿ ಸರಿಯಿರ್ಲಿಲ್ಲ, ಇನ್ನೊಂದ್ಸಲ ಹೇಳ್ತೀನಿ" ಅಂತ ಸ್ಲೈಡ್ ಆಫ್ ಮಾಡಿಸಿ ವೇದಿಕೆಯಿಂದ ಕೆಳಗಿಳಿದು ಬಂದ್ರು. ಶಾರನ್ ಎಲಿಸನ್ ಅಂತ ಇನ್ನೊಬ್ಬ ಅಮೆರಿಕದವ್ರ ಪದ್ಧತಿ ವಿವರಿಸಿದ್ರು, ಅದ್ರಲ್ಲಿ ಮೂರೇ ಸಾಧನ, ಪ್ರಶ್ನೆ, ಹೇಳಿಕೆ, ಮುಂದೇನಾಗುತ್ತೆ ಅಂತ ಮೊದ್ಲೇ ತಿಳಿಸೋದು. ಬೈಯೋರಿಗೆ ಬೇಕಾಗೋದು ಮೂರನೇದು. "ಹಿಂಗೇ ಕೂಗಾಡ್ತಿದ್ರೆ ನಾನು ಸೆಕ್ಯೂರಿಟಿ ಕರೀತೀನಿ, ಕೂತು ಹೇಳಿದ್ರೆ ಈಗ್ಲೇ ರಿಪೋರ್ಟ್ ಎಲ್ಲಿದೆ ನೋಡ್ತೀನಿ." ಎರಡು ದಾರೀನೂ ಹೇಳ್ಬೇಕು, ಎರಡೂ ನಿಜ ಇರ್ಬೇಕು, ದನಿ ಬೆದರಿಸೋ ಥರ ಏರ್ಬಾರ್ದು. ಬರೀ ಮೊದಲನೇ ಅರ್ಧ ಹೇಳಿದ್ರೆ ಅದು ಧಮ್ಕಿ, ಅಷ್ಟೇ. ನಮ್ಮ ಕೈಲಿ ಹತ್ತು ಸಲ ಹೇಳಿಸಿದ್ರು, ನನ್ನ ದನಿ ಎಂಟನೇ ಸಲಕ್ಕೆ ಇಳೀತು. ಮನೇಲಿ ಮಗಳ ಮೊಬೈಲ್ ವಿಷಯಕ್ಕೆ ಇನ್ನೂ ಇಳಿದಿಲ್ಲ, ಅದು ಬೇರೆ ಮಾತು.

ಆಲೆಮನೆ_ಅಕ್ಕ (ಮಂಡ್ಯ)

ನಾನು ಕನ್ನಡ ಟೀಚರ್, ಹಾಗಾಗಿ ನಂಗೆ ಕಂಡಿದ್ದು ಭಾಷೆ ವಿಷಯ. ಕರೆಸಿದ್ರೆ ಕನ್ನಡದಲ್ಲಿ ಜಗಳ ಆಡಿ ಗೊತ್ತಿರೋರನ್ನೇ ಕರೆಸಿ. ಇಂಗ್ಲಿಷ್ ಸ್ಲೈಡನ್ನ ಕನ್ನಡಕ್ಕೆ ತಿರುಗಿಸ್ಕೊಂಡು ಬಂದವ್ರಿಗೆ ನಾವು ಎಲ್ಲಿ ಜಾರ್ಕೊಳ್ತೀವಿ ಅನ್ನೋದು ಗೊತ್ತಾಗಲ್ಲ.

ನಮ್ಮ ಭಾಷೆಲಿ ಜಾರ್ಕೊಳ್ಳೋಕೆ ಒಂದು ಭಾರಿ ಸೊಗಸಾದ ದಾರಿ ಇದೆ. ನಮ್ಮ ಮಕ್ಕಳು ಯಾರೂ ಲೋಟ ಬೀಳಿಸಲ್ಲ, ಲೋಟನೇ "ಬಿದ್ದೋಗುತ್ತೆ". ಪುಸ್ತಕ "ಹರಿದೋಗುತ್ತೆ", ಫೈಲ್ "ಮಿಸ್ ಆಗುತ್ತೆ", ಮೀಟಿಂಗ್ "ಲೇಟಾಗುತ್ತೆ". ಮಾಡಿದವ್ರು ವಾಕ್ಯದಿಂದಾನೇ ಎದ್ದು ಹೋಗಿರ್ತಾರೆ. ಬೀಳಿಸ್ದೆ, ಹರಿದೆ, ಕಳ್ದೆ ಅನ್ನೋ ಮಾತು ನಾವು ಬೇರೆಯವ್ರಿಗೆ ಮಾತ್ರ ಇಟ್ಕೊಂಡಿರೋದು, "ನೀನು ಬೀಳಿಸ್ದೆ". ನಮ್ದಾದ್ರೆ ಬಿತ್ತು, ಅವ್ರದ್ದಾದ್ರೆ ಬೀಳಿಸಿದ್ರು. ಕುಣಿಯಲಾರದವಳು ನೆಲ ಡೊಂಕು ಅಂದ ಊರಿನವ್ರಲ್ವಾ ನಾವು.

ಅದೇ ಥರ ಪ್ರಶ್ನೆ ವೇಷದ ಬೈಗುಳ. "ನಾನು ಅವತ್ತೇ ಹೇಳಿರ್ಲಿಲ್ವಾ?" ಇದಕ್ಕೆ ಉತ್ತರ ಯಾರಿಗೆ ಬೇಕಾಗಿದೆ? "ಹೇಳಿದ್ರಿ" ಅಂದ್ರೂ ಕಷ್ಟ "ಇಲ್ಲ" ಅಂದ್ರೂ ಕಷ್ಟ. "ಯಾಕಾಯ್ತು" ಅಂತ ತಗ್ಗಿದ ದನಿಲಿ ಕೇಳೋದಕ್ಕೂ "ಯಾಕ್ರೀ ಆಯ್ತು" ಅನ್ನೋದಕ್ಕೂ ನಡುವೆ ಒಂದು ರೀ ಅಷ್ಟೇ ಇರೋದು, ಆ ರೀ ಮರ್ಯಾದೆಯದ್ದೇ ಆದ್ರೂ ಅಲ್ಲಿ ಚಾಟಿ ಥರ ಕೇಳಿಸುತ್ತೆ. ಇದನ್ನ ಹಿಡಿದು ತೋರಿಸೋ ಸ್ಪೀಕರ್ ಸಿಕ್ಕಿದ್ರೆ ವಚನ ಸುಭಾಷಿತ ಏನೂ ಇಲ್ದಿದ್ರೂ ನಡೆಯುತ್ತೆ, ಪರೀಕ್ಷೆ ಸುಲಭ, ನಿಮ್ಮ ಕೌಂಟರ್‌ನ ನಾಲ್ಕು ನಿಜವಾದ ವಾಕ್ಯ ಬರೆದು ಕಳ್ಸಿ, ಏನು ಕಾಣುತ್ತೆ ಹೇಳಿ ಅಂತ ಕೇಳಿ.

ಅಂದ ಹಾಗೆ ಪಾಸ್‌ಬುಕ್ ಪುಟ ಅವ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪ್ರಶ್ನೆನೇ ಇನ್ನೊಂದ್ಸಲ ಓದಿ. ಸ್ವಾಗತ ಭಾಷಣ ಉದ್ದ "ಆಗೋಯ್ತು", ಟೈಮ್ "ಉಳೀಲಿಲ್ಲ", ಸೋಫಾ "ಬಂದ್ಬಿಟ್ಟಿತ್ತು". ಸೋಫಾಗೆ ಕಾಲಿದೆ ನಿಜ, ಆದ್ರೆ ನಡ್ಕೊಂಡು ಬರುತ್ತಾ?

ಪಾಸ್‌ಬುಕ್_ಪುಟ

ಎಲ್ರ ಉತ್ತರನೂ ಪ್ರಿಂಟ್ ತೆಗ್ಸಿದೀನಿ. ಅಕ್ಕ, ಸೋಫಾ ವಿಷಯ ನಿಮಗೆ ಗೊತ್ತಿಲ್ಲ, ನಿರ್ದೇಶಕರು ಬರ್ತಾರೆ ಅಂದ್ರೆ ನಮ್ಮ ಕಡೆ ಅದೊಂದು ಪದ್ಧತಿ, ನಾನು ಒಬ್ಬನೇ ಬೇಡ ಅಂದ್ರೆ ಆಗಲ್ಲ, ಮೇಲಾಗಿ ಛತ್ರದವ್ರೇ

ಒಸಿ_ತಡೀರಿ

ಅಣ್ಣೋ. ನಾಡಿ ನೋಡ್ಕೊಳ್ಳಿ.

ಪಾಸ್‌ಬುಕ್_ಪುಟ

😂 ಸಿಕ್ಕಾಕ್ಕೊಂಡೆ. ಅರ್ಧ ಟೈಪ್ ಮಾಡಿ ಕಳ್ಸಿದ್ದೂ ನಾನೇ.

ಫೋನ್ ಮಾಡಿದ ವಿಷಯ ಹೇಳ್ತೀನಿ. ಇಬ್ಬರಿಗೂ ಮೇಷ್ಟ್ರು ಹೇಳ್ದಂಗೇ ಹೇಳ್ದೆ. ಮೊದಲನೆಯವ್ರು ಎರಡು ಸೆಕೆಂಡ್ ಬಿಟ್ಟು ಅವ್ರ ಸರ್ಟಿಫಿಕೇಟ್ ವಾಟ್ಸಾಪ್ ಮಾಡಿದ್ರು. ಇನ್ನೊಬ್ರು ಮೈಸೂರಿನವ್ರು, "ನಿಮ್ಮ ಕೌಂಟರಲ್ಲಿ ಯಾವ ಮಾತಿಗೆ ಜಗಳ ಶುರುವಾಗುತ್ತೆ" ಅಂತ ಕೇಳಿದ್ರು, ನಾನು ನಾಲ್ಕು ವಾಕ್ಯ ಹೇಳೋ ಬದ್ಲು ಅರ್ಧ ಗಂಟೆ ಮಾತಾಡಿದೀನಿ. ಹಿಂದಿನ ದಿನ ಶಾಖೇಲಿ ಬಂದು ಕೂರ್ತಾರಂತೆ, ಕಾರ್ಯದರ್ಶಿಗಳ ಜೊತೆ ಮೊದ್ಲು ಒಂದು ಗಂಟೆ ಬೇಕು, ಅದಿಲ್ದಿದ್ರೆ ಬರಲ್ಲ ಅಂದ್ರು. ಕಾರ್ಯದರ್ಶಿಗಳಿಗೆ ಇನ್ನೂ ಹೇಳಿಲ್ಲ, ಸೋಮವಾರ ಹೇಳ್ಬೇಕು. ಒಸಿ ತಡೀರಿ ಅವ್ರ ಫಿಟ್ಟರ್ ಕಥೆಯಿಂದಾನೇ ಶುರು ಮಾಡೋಣ ಅಂತಿದೀನಿ.

ಇವತ್ತು ಬೆಳಗ್ಗೆ ಕ್ಯಾಷಿಯರ್ ಹುಡುಗಿಗೆ ಹೇಳ್ದೆ, ಅವತ್ತು ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತಮ್ಮ, ನಾನು ಮೈಕ್ ಇಸ್ಕೊಂಡು ವಂದನಾರ್ಪಣೆಗೆ ಹೋಗ್ಬಾರ್ದಿತ್ತು ಅಂತ. ಒಂದು ವರ್ಷ ಲೇಟು. "ಪರ್ವಾಗಿಲ್ಲ ಸಾರ್, ಈ ಸಲ ಮೊದ್ಲು ನಾನೇ ಕೇಳ್ತೀನಿ" ಅಂತು.

ಆಲೆಮನೆ ಅಕ್ಕ, ಸೋಫಾ ನಾನು ಹಾಕ್ಸಿದ್ದು. ನಾನೇ ಫೋನ್ ಮಾಡಿ ಬಾಡಿಗೆಗೆ ತರ್ಸಿದ್ದು.