ಪದಚರ್ಚೆ: ‘ಕಣ್ಣಿನ ಒತ್ತಡ’ ಅಂದರೆ ಯಾವ ಒತ್ತಡ?

ಎಲ್ಲರಿಗೂ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದವರು ಕಣ್ಣು ತಪಾಸಣೆ ಇಟ್ಟುಕೊಂಡಿದ್ದಾರೆ. ಅದಕ್ಕೊಂದು ಕರಪತ್ರ ಬರೆಯುತ್ತಿದ್ದೇನೆ. ತೂಕ ಇಳಿಸುವ ಔಷಧಿಯಿಂದ ಕಣ್ಣೊಳಗಿನ ಪ್ರೆಶರ್‌ಗೆ ಏನಾಗುತ್ತದೆ ಅನ್ನುವುದು ವಿಷಯ. ಮೌಂಜಾರೋ, ವೆಗೋವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್ನುಗಳು ಬಂದ ಮೇಲೆ ಇದನ್ನು ಕೇಳುವವರು ಜಾಸ್ತಿ.

ತೊಡಕಿರುವುದು ‘ಒತ್ತಡ’ದಲ್ಲೇ. ‘ಕಣ್ಣಿನ ಒತ್ತಡ’ ಎಂದಿದ್ದ ಕರಡನ್ನು ವಿಜಯಪುರದ ಕಡೆಯ ಅಜ್ಜಿಯೊಬ್ಬರಿಗೆ ಓದಿ ಹೇಳಿದೆ. “ಟಿವಿ ನೋಡೂದು ಕಡಿಮಿ ಮಾಡೀನಿ ಬಿಡೋ ತಮ್ಮಾ” ಅಂದರು. ಸರಿಯೇ, ಪೇಪರಿನಲ್ಲಿ ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ ಅಂತ ಓದಿದವರಿಗೆ ಹಾಗೇ ಅನಿಸುತ್ತದೆ, ಅಲ್ವಾ? ನಾನು ಹೇಳಹೊರಟಿದ್ದು ಕಣ್ಣುಗುಡ್ಡೆಯೊಳಗಿನ ನೀರಿನ ಒತ್ತಡ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಬೊಜ್ಜಿರುವವರಲ್ಲಿ ತುಸು ಹೆಚ್ಚಿರುವುದುಂಟು.

ಸುಮ್ನೆ ಪದದ ಗೀಳು ಅಂದುಕೊಳ್ಳಬೇಡಿ. ಫೆಂಟರ್ಮಿನ್ ಮತ್ತು ಟೊಪಿರಾಮೇಟ್ ಸೇರಿದ ತೂಕ ಇಳಿಸುವ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಟೊಪಿರಾಮೇಟನ್ನು ಮೈಗ್ರೇನ್‌ಗೂ ಕೊಡುತ್ತಾರೆ. ಅಪರೂಪಕ್ಕೆ ಕೆಲವರಿಗೆ ಅದರಿಂದ ಕಣ್ಣಿನ ಒಳಪದರ ಊದಿ, ಮಸೂರ ಮುಂದಕ್ಕೆ ಸರಿಯುತ್ತದೆ. ಮೋರಿ ಕಟ್ಟಿಕೊಂಡ ಹಾಗೆ ನೀರು ಹೊರಹೋಗುವ ದಾರಿ ಮುಚ್ಚುತ್ತದೆ. ಪ್ರೆಶರ್ ಏಕ್‌ದಂ ಏರುತ್ತದೆ, ಸಾಮಾನ್ಯವಾಗಿ ಔಷಧಿ ಶುರುವಾದ ತಿಂಗಳೊಳಗೆ, ಹೆಚ್ಚಾಗಿ ಎರಡೂ ಕಣ್ಣಿಗೆ. ನೋವು, ಕೆಂಪು, ದೂರದ್ದೆಲ್ಲ ಮಂಜು. ಇದನ್ನು ಕಣ್ಣಿನ ದಣಿವು ಅಂದುಕೊಂಡು ಮಲಗಿಬಿಟ್ಟರೆ ದೃಷ್ಟಿಯೇ ಹೋಗಬಹುದು. ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಆ ಔಷಧಿಯನ್ನು ನಿಲ್ಲಿಸುವುದೇ ಚಿಕಿತ್ಸೆಯ ಮುಖ್ಯ ಭಾಗ.

ಇಂಜೆಕ್ಷನ್ನುಗಳ ಕಥೆ ಬೇರೆ. ವೆಗೋವಿಯಲ್ಲಿರುವ ಔಷಧಿ ಸೆಮಾಗ್ಲುಟೈಡ್ ಬಗ್ಗೆ ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ಎಚ್ಚರಿಸಿದ್ದು ಪ್ರೆಶರ್‌ಗಾಗಿ ಅಲ್ಲ, ಕಣ್ಣಿನ ನರಕ್ಕೆ ರಕ್ತ ಸಾಲದೆ ಆಗುವ ತೀರಾ ಅಪರೂಪದ ತೊಂದರೆಗಾಗಿ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕುವಂತಿಲ್ಲ.

ಗ್ಲಾಕೋಮಾಕ್ಕೆ, ಅಂದರೆ ಸಾಮಾನ್ಯವಾಗಿ ಈ ಪ್ರೆಶರ್ ಏರಿ ಕಣ್ಣಿನ ನರ ಕೆಡುವ ಕಾಯಿಲೆಗೆ, ಮರಾಠಿಯಲ್ಲಿ ‘ಕಾಚಬಿಂದು’ ಇದೆ. ಇಲ್ಲಿನ ನಮ್ಮವರೂ ಅದನ್ನೇ ಹೇಳುತ್ತಾರೆ. ಆದರೆ ಮೋತಿಬಿಂದು, ಅಂದರೆ ನಮ್ಮ ಪೊರೆ, ಅದರ ಜೊತೆ ಕಲಸಿಬಿಡುತ್ತಾರೆ. ‘ಕಣ್ಣಿನ ಬಿಪಿ’ ತಟ್ಟನೆ ತಲೆಗೆ ಹೋಗುತ್ತದೆ, ಆದರೆ ಬಿಪಿ ಮಾತ್ರೆ ನುಂಗಿದರೆ ಸಾಕು ಅಂದುಕೊಂಡಾರು. ನನ್ನ ಒಲವು ‘ಕಣ್ಣೊಳಗಿನ ಪ್ರೆಶರ್’ ಕಡೆಗೆ. ‘ಅಕ್ಷಿ ಒತ್ತಡ’ ಮಾತ್ರ ದಯವಿಟ್ಟು ಬೇಡ.

ಉಡುಪಿ, ಕಲಬುರಗಿ ಕಡೆ ಕಣ್ಣಿನ ಡಾಕ್ಟರು ಇದಕ್ಕೆ ಏನನ್ನುತ್ತಾರೆ? ಕೇಳಿದವರಿದ್ದರೆ ಆ ಮಾತನ್ನೇ ಇದ್ದ ಹಾಗೆ ಬರೆಯಿರಿ.