ಸೂಪರ್‌ನೋವಾ ದೂರ ಅಳೆಯಲು ಇನ್‌ಫ್ರಾರೆಡ್ ಯಾಕೆ? ದೂಳು ಒಂದೇ ಕಾರಣನಾ?

ಇರುಳುಗಣ್ಣ:
ಟೈಪ್ 1ಎ ಸೂಪರ್‌ನೋವಾ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಶ್ವೇತಕುಬ್ಜ ನಕ್ಷತ್ರ ಸಿಡಿಯುತ್ತದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಖರತೆಯಲ್ಲಿ ಬೆಳಗುತ್ತವೆ, ಎಷ್ಟು ಮಂಕಾಗಿ ಕಾಣುತ್ತದೆ ಅಂತ ನೋಡಿದರೆ ದೂರ ಸಿಗುತ್ತದೆ. 1998ರಲ್ಲಿ ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಅಂತ ಗೊತ್ತಾಗಿದ್ದೂ ಇವುಗಳಿಂದಲೇ. ಇನ್‌ಫ್ರಾರೆಡ್ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ಇಲ್ಲದೆಯೇ ಕೆಲಸ ನಡೆದಿತ್ತಲ್ಲ? ಈಗ ನೋಡಿದರೆ ಎಲ್ಲ ಲೇಖನದಲ್ಲೂ ಇನ್‌ಫ್ರಾರೆಡ್ ಜಪ. ನಕ್ಷತ್ರಗಳ ನಡುವಿನ ದೂಳು ಬೆಳಕನ್ನು ತಡೆಯುತ್ತದೆ, ಒಪ್ಪಿದೆ. ಆದರೆ ದೂಳು ಬೆಳಕನ್ನು ಕೆಂಪಗೂ ಮಾಡುತ್ತದೆ ತಾನೇ, ನಮ್ಮೂರ ಆಲೆಮನೆ ಹೊಗೆಯ ಹಿಂದೆ ಮುಳುಗುವ ಸೂರ್ಯನ ಹಾಗೆ. ಎಷ್ಟು ಕೆಂಪಾಗಿದೆ ಅಂತ ನೋಡಿ ಅಷ್ಟು ಲೆಕ್ಕ ಸರಿಪಡಿಸಿಕೊಂಡರೆ ಆಯಿತು, ಅಲ್ವಾ? ಸುಮ್ನೆ ಯಾಕೆ ಇನ್ನೊಂದು ಕ್ಯಾಮೆರಾ ಖರ್ಚು?

ಮಾಳಿಗೆ ದುರ್ಬೀನು:
ಸರಿಪಡಿಸಬಹುದು, ಆದರೆ ಎಷ್ಟು ಅನ್ನುವುದೇ ತಕರಾರು. 2014ರ ಜನವರಿಯಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಸಿಡಿದ ಟೈಪ್ 1ಎ ಸೂಪರ್‌ನೋವಾ 2014ಜೆ ನೆನಪಿದೆಯಾ? ಲಂಡನ್ನಿನಲ್ಲಿ ಒಬ್ಬ ಮೇಷ್ಟ್ರು ವಿದ್ಯಾರ್ಥಿಗಳಿಗೆ ಟೆಲಿಸ್ಕೋಪ್ ತೋರಿಸುತ್ತಿದ್ದಾಗ, ಮೋಡ ಮುಚ್ಚುವ ಮೊದಲು ಆತುರದಲ್ಲಿ ತೆಗೆದ ಚಿತ್ರದಲ್ಲಿ ಸಿಕ್ಕಿದ್ದು. ನಾನೂ ಎಂಟಿಂಚಿನ ದುರ್ಬೀನಿನಲ್ಲಿ ನೋಡಿದ್ದೆ. ನಮ್ಮ ಕಡೆಯಿಂದ ಎಂ82 ಉತ್ತರಕ್ಕೆ ತಗ್ಗಿನಲ್ಲೇ ಇರುತ್ತದೆ, ಪಕ್ಕದ ಮನೆಯ ನೀರಿನ ಟ್ಯಾಂಕ್ ದಾಟಿ ಮೇಲೆ ಬರಲಿ ಅಂತ ರಾತ್ರಿ ಒಂದು ಗಂಟೆಯವರೆಗೆ ಸ್ವೆಟರ್ ಹಾಕಿಕೊಂಡು ಕಾದಿದ್ದೆ.

ವಿಷಯಕ್ಕೆ ಬರೋಣ. ನಮ್ಮ ಗ್ಯಾಲಕ್ಸಿಯ ಮಾಮೂಲಿ ದೂಳು ಬೆಳಕನ್ನು 1 ಮ್ಯಾಗ್ನಿಟ್ಯೂಡ್ (ಪ್ರಖರತೆ ಅಳೆಯುವ ಮಾನ) ಕೆಂಪು ಮಾಡಿದರೆ ಸುಮಾರು 3.1 ಮ್ಯಾಗ್ನಿಟ್ಯೂಡ್ ಮಂಕು ಮಾಡುತ್ತದೆ. 2014ಜೆ ಮುಂದಿದ್ದ ದೂಳಿಗೆ ಆ ಸಂಖ್ಯೆ 1.4ರ ಆಸುಪಾಸು ಬಂತು. ಅದು ಗೊತ್ತಿಲ್ಲದೆ 3.1 ಹಾಕಿ ಸರಿಪಡಿಸಿದ್ದರೆ ಲೆಕ್ಕ ಸುಮಾರು 2 ಮ್ಯಾಗ್ನಿಟ್ಯೂಡ್ ತಪ್ಪುತ್ತಿತ್ತು. ಅಂದರೆ 1.2 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ 50 ಲಕ್ಷಕ್ಕಿಂತ ಹತ್ತಿರ ಇದೆ ಅಂತ ಉತ್ತರ ಬರುತ್ತಿತ್ತು! ನೀವು ಹೇಳುವ ಕೆಂಪು ನೋಡಿ ಸರಿಪಡಿಸುವ ಕೆಲಸ ಅಷ್ಟು ಅಪಾಯದ್ದು. ಇನ್‌ಫ್ರಾರೆಡ್ ತರಂಗದ ಉದ್ದವನ್ನು ಮೈಕ್ರಾನ್‌ನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಳೆಯುತ್ತಾರೆ. 2.2 ಮೈಕ್ರಾನ್‌ನಲ್ಲಿ ಮಾಮೂಲಿ ದೂಳಿನ ಕಾಟ ಕಾಣುವ ಬೆಳಕಿಗಿಂತ ಸುಮಾರು ಹತ್ತನೇ ಒಂದು ಪಾಲು ಮಾತ್ರ. ದೂಳಿನ ಜಾತಿ ಯಾವುದೇ ಇರಲಿ, ತಪ್ಪಾದರೂ ಚಿಕ್ಕ ತಪ್ಪು.

ನಿಕ್ಕಲ್56:
ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ ಕತೆ. ದೂಳೇ ಇಲ್ಲ ಅಂದುಕೊಳ್ಳಿ, ಆಗಲೂ ಇನ್‌ಫ್ರಾರೆಡ್ಡೇ ವಾಸಿ.

"ಎಲ್ಲವೂ ಒಂದೇ ಪ್ರಖರತೆ" ಅಂದಿರಲ್ಲ, ಕಾಣುವ ಬೆಳಕಿನಲ್ಲಿ ಅದು ನಿಜವಲ್ಲ. ಕೆಲವು ಜಾಸ್ತಿ ಬೆಳಗಿ ನಿಧಾನವಾಗಿ ಆರುತ್ತವೆ, ಕೆಲವು ಮಂಕಾಗಿ ಬೆಳಗಿ ಬೇಗ ಆರುತ್ತವೆ. ಆರುವ ವೇಗ ನೋಡಿ ಪ್ರಖರತೆ ತಿದ್ದಿಕೊಳ್ಳುವ ದಾರಿಯನ್ನು 1993ರಲ್ಲಿ ಮಾರ್ಕ್ ಫಿಲಿಪ್ಸ್ ತೋರಿಸಿದ ಮೇಲೆಯೇ 1998ರ ಕೆಲಸ ಸಾಧ್ಯವಾಗಿದ್ದು. ಅಂದರೆ ದೂಳಿಗೊಂದು ತಿದ್ದುಪಡಿ, ನಕ್ಷತ್ರಕ್ಕೊಂದು ತಿದ್ದುಪಡಿ. ಇನ್‌ಫ್ರಾರೆಡ್‌ನಲ್ಲಿ, ಮುಖ್ಯವಾಗಿ 1.6 ಮೈಕ್ರಾನ್ ಹತ್ತಿರ, ಎರಡನೆಯದೂ ಬಹುಪಾಲು ಬೇಕಾಗುವುದಿಲ್ಲ. ಯಾವ ತಿದ್ದುಪಡಿಯೂ ಇಲ್ಲದೆ ಒಂದಕ್ಕೊಂದು ವ್ಯತ್ಯಾಸ ಸುಮಾರು 0.15 ಮ್ಯಾಗ್ನಿಟ್ಯೂಡ್, ದೂರದಲ್ಲಿ ಶೇ. 7ರಷ್ಟು.

ಯಾಕೆ ಹೀಗೆ? ಸಿಡಿತದಲ್ಲಿ ನಿಕ್ಕಲ್ ಜಾಸ್ತಿ ಹುಟ್ಟಿದರೆ ಚೆಲ್ಲಿದ ಅನಿಲ ಜಾಸ್ತಿ ಬಿಸಿಯಾಗುತ್ತದೆ, ಆ ಹೆಚ್ಚಿನ ಶಕ್ತಿ ಬಹುತೇಕ ನೀಲಿ ಕಡೆಯ ಬೆಳಕಾಗಿ ಹೊರಗೆ ಬರುತ್ತದೆ. ಇನ್‌ಫ್ರಾರೆಡ್ ಪಾಲು ಅಷ್ಟಾಗಿ ಏರುವುದಿಲ್ಲ. ಇನ್ನೊಂದು ಮಜಾ ಇದೆ. ಇನ್‌ಫ್ರಾರೆಡ್‌ನಲ್ಲಿ ಸೂಪರ್‌ನೋವಾ ಎರಡು ಸಲ ಬೆಳಗುತ್ತದೆ. ನೀಲಿಯಲ್ಲಿ ತುತ್ತತುದಿ ಮುಟ್ಟುವ ಮೂರು ನಾಲ್ಕು ದಿನ ಮೊದಲೇ ಒಂದು ಸಲ, ಆಮೇಲೆ ಇಳಿದು, ಮೂರು ನಾಲ್ಕು ವಾರದ ಹೊತ್ತಿಗೆ ಮತ್ತೆ ಏರುತ್ತದೆ. ಅನಿಲ ಸುಮಾರು 7000 ಡಿಗ್ರಿಗೆ ತಣಿದಾಗ ಅದರಲ್ಲಿರುವ ಕಬ್ಬಿಣ, ಕೋಬಾಲ್ಟ್ ಅಯಾನುಗಳು ಕಳೆದುಕೊಂಡಿದ್ದ ಎರಡು ಎಲೆಕ್ಟ್ರಾನ್‌ಗಳಲ್ಲಿ ಒಂದನ್ನು ವಾಪಸ್ ಹಿಡಿಯುತ್ತವೆ, ಆಗ ನೀಲಿ ಬೆಳಕನ್ನು ನುಂಗಿ ಇನ್‌ಫ್ರಾರೆಡ್ ಆಗಿ ಉಗುಳುವುದು ಜೋರಾಗುತ್ತದೆ. ಹಾಗಾಗಿ ದೂರಕ್ಕೆ ಮೊದಲನೇ ಶಿಖರವೇ ಬೇಕು, ಎರಡನೆಯದು ಒಂದೊಂದರಲ್ಲಿ ಒಂದೊಂದು ಹೊತ್ತಿಗೆ ಬರುತ್ತದೆ.

ಮೋಡದಕಾಟ:
ಹಾಗಾದರೆ ಎಲ್ಲರೂ ಮೊದಲೇ ಯಾಕೆ ಮಾಡಲಿಲ್ಲ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ಆಕಾಶ ಇನ್‌ಫ್ರಾರೆಡ್‌ನಲ್ಲಿ ಕತ್ತಲೆಯೇ ಅಲ್ಲ. ಸುಮಾರು 90 ಕಿ.ಮೀ. ಮೇಲೆ ಹೈಡ್ರಾಕ್ಸಿಲ್ ಅಣುಗಳು ಇಡೀ ರಾತ್ರಿ ಹೊಳೆಯುತ್ತಿರುತ್ತವೆ, ಅದೂ ನಿಮಿಷ ನಿಮಿಷಕ್ಕೆ ಬದಲಾಗುತ್ತದೆ. 1.4 ಮತ್ತು 1.9 ಮೈಕ್ರಾನ್ ಹತ್ತಿರ ಗಾಳಿಯ ನೀರಾವಿ ಬಾಗಿಲೇ ಹಾಕಿಬಿಡುತ್ತದೆ. 2.2ರ ಕಡೆ ಹೋದರೆ ಟೆಲಿಸ್ಕೋಪಿನ ಸ್ವಂತ ಬಿಸಿಯೂ ಕಾಣಲು ಶುರು. ಅದಕ್ಕೇ ಚಿಕ್ಕ ಚಿಕ್ಕ ಚಿತ್ರ ತೆಗೆದು, ಪ್ರತಿ ಸಲ ಟೆಲಿಸ್ಕೋಪ್ ಸ್ವಲ್ಪ ಸರಿಸಿ, ಆಕಾಶದ ಬೆಳಕನ್ನು ಕಳೆಯುತ್ತಾ ಕೂರಬೇಕು. ಲಡಾಖಿನ ಹಾನ್ಲೆ 4500 ಮೀಟರ್ ಎತ್ತರದ ಒಣ ಜಾಗವಾದ್ದರಿಂದ ಇಂಥ ಕೆಲಸಕ್ಕೆ ಒಳ್ಳೆಯದು, ಅಲ್ಲಿನ 2 ಮೀಟರ್ ಟೆಲಿಸ್ಕೋಪಿಗೆ ಇನ್‌ಫ್ರಾರೆಡ್ ಉಪಕರಣವೂ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ!

ತುಂಬ ದೂರದವಕ್ಕೆ ಇನ್ನೊಂದು ತೊಂದರೆ. ವಿಶ್ವ ಹಿಗ್ಗಿ ಬೆಳಕಿನ ತರಂಗವೂ ಎಳೆದುಕೊಂಡಿರುತ್ತದೆ. 1.2 ಮೈಕ್ರಾನ್‌ನಲ್ಲಿ ಹೊರಟಿದ್ದು ಕೆಂಪುಸರಿತ (ಆ ಎಳೆತದ ಅಳತೆ) 0.5 ಇದ್ದರೆ ಇಲ್ಲಿಗೆ 1.8 ಆಗಿ ಬರುತ್ತದೆ, ಹಬಲ್ ಟೆಲಿಸ್ಕೋಪಿನ ಕ್ಯಾಮೆರಾ 1.7ಕ್ಕೇ ನಿಲ್ಲುತ್ತದೆ.

ಇರುಳುಗಣ್ಣ:
ಎಲ್ಲರಿಗೂ ಥ್ಯಾಂಕ್ಸ್. ಖರ್ಚಿನ ಮಾತು ವಾಪಸ್ ತಗೊಂಡೆ. ಕೊನೆಯದೊಂದು: ವಿಶ್ವ ಹಿಗ್ಗುವ ವೇಗ ಹೇಳುವ ಹಬಲ್ ಸ್ಥಿರಾಂಕದ ಜಗಳ, ಅದೇ 67 ಅಥವಾ 73, ಅದು ದೂಳಿನ ತಪ್ಪಿನಿಂದ ಆಗಿದ್ದಾ? ಹಾಗಿದ್ದರೆ ಇನ್‌ಫ್ರಾರೆಡ್‌ನಲ್ಲಿ ಅಳೆದರೆ ಮುಗಿಯಿತಲ್ಲ.

ನಿಕ್ಕಲ್56:
ಅಳೆದಿದ್ದಾರೆ, ಮುಗಿಯಲಿಲ್ಲ. 2018ರಲ್ಲಿ ಧವನ್, ಝಾ, ಲೈಬುಂಡ್‌ಗುಟ್ ಮೂವರು 1.2 ಮೈಕ್ರಾನ್ ಅಳತೆ ಮಾತ್ರ ಹಿಡಿದು, ನಕ್ಷತ್ರದ ತಿದ್ದುಪಡಿಯನ್ನೂ ಹಾಕದೆ ಲೆಕ್ಕ ಮಾಡಿದರು. ಬಂದಿದ್ದು 72.8. ವಿಶ್ವದ ಆರಂಭದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 67.4ರ ಹತ್ತಿರ ಇಳಿಯಲೇ ಇಲ್ಲ. ಹಾಗಾಗಿ ಸೂಪರ್‌ನೋವಾ ಮುಂದಿನ ದೂಳಿನ ಮೇಲೆ ಗೂಬೆ ಕೂರಿಸುವುದು ಕಷ್ಟ. ಆದರೆ ನೋಡಿ, ಹತ್ತಿರದ ಒಂಬತ್ತು ಸೂಪರ್‌ನೋವಾಗಳ ನಿಜವಾದ ದೂರ ಅವರಿಗೆ ಸಿಕ್ಕಿದ್ದು ಸಿಫಿಡ್ ನಕ್ಷತ್ರಗಳಿಂದಲೇ (ಬೆಳಕು ಏರಿಳಿಯುವ ಅವಧಿ ನೋಡಿ ದೂರ ತಿಳಿಯಬಹುದಾದವು). ಅಲ್ಲೇನಾದರೂ ಎಡವಟ್ಟು ಇದ್ದರೆ ಅದು ಇನ್‌ಫ್ರಾರೆಡ್ ಲೆಕ್ಕಕ್ಕೂ ಹಾಗೇ ಬಂದಿರುತ್ತದೆ.

ಮಾಳಿಗೆ ದುರ್ಬೀನು:
ಸಿಫಿಡ್‌ಗೆ ಬೇರೆ ಥ್ರೆಡ್ ತೆಗೆಯಿರಿ, ನನಗೂ ಜಗಳ ಇದೆ ಅಲ್ಲಿ.